ತಾಯಿ-ಮಗು ಕ್ಷೇಮ ಎಂಬ ಸುದ್ದಿಯ ಆಚೆಗೆ

ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಆಗಾಗ ಒಂದು ಸಣ್ಣ ಸುದ್ದಿ ಕಾಣಿಸಿಕೊಳ್ಳುತ್ತದೆ. ಆಸ್ಪತ್ರೆಗೆ ಕರೆದೊಯ್ಯುವಾಗ ಮಾರ್ಗಮಧ್ಯದಲ್ಲಿ ಗರ್ಭಿಣಿಗೆ ಹೆರಿಗೆಯಾಗಿದೆ, ಜೊತೆಗಿದ್ದವರು ಸಮಯಪ್ರಜ್ಞೆ ತೋರಿದ್ದಾರೆ, ತಾಯಿ ಮತ್ತು ಮಗು ಕ್ಷೇಮ. ಓದಿದವರು ಅಲ್ಲಾಹನನ್ನು ಸ್ತುತಿಸಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕ್ಷೇಮವಾಗಿ ಮುಗಿದ ಹೆರಿಗೆಗಳಿಗೆ ಮಾತ್ರವೇ ಈ ಬಗೆಯ ಸುದ್ದಿಯಾಗುವ ಭಾಗ್ಯವಿದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಕ್ಷೇಮವಾಗಿ ಮುಗಿಯದ ಹೆರಿಗೆಯು ಒಂದು ಮನೆಯ ದುಃಖವಾಗಿ, ಕಬರಸ್ಥಾನದ ಒಂದು ಹೊಸ ಮಣ್ಣುದಿಬ್ಬವಾಗಿ ಉಳಿದುಬಿಡುತ್ತದೆ. "ವಿಧಿ" ಎಂಬ ಒಂದೇ ಪದದಲ್ಲಿ ಎಲ್ಲರೂ ಆ ಪ್ರಕರಣವನ್ನು ಮುಚ್ಚಿಬಿಡುತ್ತಾರೆ.

2023ರ ಮೇ ತಿಂಗಳಲ್ಲಿ ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹೊರಟಿದ್ದ ಕೆಎಸ್ಸಾರ್ಟಿಸಿ ಬಸ್ಸಿನಲ್ಲಿ ನಡೆದ ಘಟನೆ ಅನೇಕರಿಗೆ ನೆನಪಿರಬಹುದು. ಅಸ್ಸಾಮ್ ಮೂಲದ ಯುವತಿಯೊಬ್ಬಳಿಗೆ ಹಾಸನ ಜಿಲ್ಲೆಯ ಹೆದ್ದಾರಿಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡಿತು. ಆಸ್ಪತ್ರೆ ತಲುಪುವಷ್ಟು ಸಮಯವಿರಲಿಲ್ಲ. ಬಸ್ಸಿನ ನಿರ್ವಾಹಕಿ ಬಸ್ಸನ್ನು ರಸ್ತೆಯ ಬದಿಗೆ ನಿಲ್ಲಿಸಿ, ಪ್ರಯಾಣಿಕರನ್ನೆಲ್ಲ ಕೆಳಗಿಳಿಸಿ, ತಾವೇ ಹೆರಿಗೆ ಮಾಡಿಸಿದರು. ಪ್ರಯಾಣಿಕರು ಕೈಲಾದಷ್ಟು ಹಣ ಸಂಗ್ರಹಿಸಿ ಆ ಬಡ ತಾಯಿಗೆ ಕೊಟ್ಟರು. ಬಳಿಕ ಆಂಬುಲೆನ್ಸ್ ಬಂದು ತಾಯಿಮಗುವನ್ನು ಶಾಂತಿಗ್ರಾಮದ ಆಸ್ಪತ್ರೆಗೆ ಒಯ್ದಿತು. ಮನುಷ್ಯತ್ವ ಇನ್ನೂ ಬದುಕಿದೆ ಎಂದು ನಾಡೇ ಸಂತೋಷಪಟ್ಟಿತು. ಆದರೆ ಆ ನಿರ್ವಾಹಕಿಗೆ ಹಿಂದೆ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ದುಡಿದ ಅನುಭವವಿತ್ತು ಎಂದು ವರದಿಯಾಗಿತ್ತು. ಹಾಗಾದರೆ ಅಂದು ಆ ತಾಯಿಯನ್ನು ಉಳಿಸಿದ್ದು ನಮ್ಮ ವ್ಯವಸ್ಥೆಯೇ? ಅದೇ ಬಸ್ಸಿನಲ್ಲಿ ಬೇರೊಬ್ಬರು ಟಿಕೆಟ್ ಕೊಡುತ್ತಿದ್ದರೆ ಏನಾಗುತ್ತಿತ್ತು?

ಮನೆಯಲ್ಲೇ ಹೆರುತ್ತೇವೆಂದು ಮೊದಲೇ ನಿರ್ಧರಿಸಿ ಹೆರುವವರ ವಿಷಯ ಬೇರೆ. ಅದಕ್ಕೆ ಮುಂದೆ ಬರುತ್ತೇವೆ. ಈಗ ನಾವು ಹೇಳುತ್ತಿರುವುದು ಆಸ್ಪತ್ರೆಗೆ ಹೋಗಬೇಕೆಂದೇ ಇದ್ದು, ಹೋಗಲಾಗದೆ, ಜೀಪಿನಲ್ಲಿ, ಬಸ್ಸಿನಲ್ಲಿ, ತೋಟದ ಲೈನ್ ಮನೆಯಲ್ಲಿ, ಕೆಲವೊಮ್ಮೆ ಆಸ್ಪತ್ರೆಯ ಗೇಟಿನ ಹೊರಗೇ ಹೆತ್ತ ತಾಯಂದಿರ ವಿಷಯ. ಇದನ್ನು ಆಕಸ್ಮಿಕವೆಂದು ಕರೆಯುವುದು ರೂಢಿ. ನಮಗೆ ಹಾಗೆನಿಸುವುದಿಲ್ಲ. ಒಂಬತ್ತು ತಿಂಗಳ ಮುನ್ಸೂಚನೆ ಕೊಟ್ಟು ಬರುವ ಘಟನೆಯನ್ನು ಪೂರ್ತಿಯಾಗಿ ಆಕಸ್ಮಿಕವೆನ್ನಲು ಬರುವುದಿಲ್ಲ.

ಕರ್ನಾಟಕವು ಈ ಎರಡು ದಶಕಗಳಲ್ಲಿ ಬಹಳ ದೂರ ಸಾಗಿದೆಯೆಂಬುದನ್ನು ಒಪ್ಪಿಕೊಂಡೇ ಮಾತು ಮುಂದುವರಿಸಬೇಕು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದುದು ಸುಮಾರು ಶೇ. 65. 2019-21ರ ಸಮೀಕ್ಷೆಯಲ್ಲಿ ಅದು ಶೇ. 97. ಒಂದು ಲಕ್ಷ ಜೀವಂತ ಜನನಗಳಿಗೆ ಸಾಯುವ ತಾಯಂದಿರ ಸಂಖ್ಯೆ 2001-03ರಲ್ಲಿ 228 ಇದ್ದುದು 2018-20ಕ್ಕೆ 69ಕ್ಕೆ ಇಳಿಯಿತು. ಆಶಾ ಕಾರ್ಯಕರ್ತೆಯರ ಕಾಲ್ನಡಿಗೆ, 2008ರ ನವೆಂಬರಿನಲ್ಲಿ ಆರಂಭವಾದ 108 ಆಂಬುಲೆನ್ಸ್, ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯನ್ನು ಸಂಪೂರ್ಣ ಉಚಿತಗೊಳಿಸಿದ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ, ಇವೆಲ್ಲದರ ಪಾಲು ಇದರಲ್ಲಿದೆ. ಸರಕಾರಗಳನ್ನು ಟೀಕಿಸುವ ನಾವು ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಅದೇ 2018-20ರಲ್ಲಿ ತಮಿಳುನಾಡಿನ ಸಂಖ್ಯೆ 54, ಕೇರಳದ್ದು 19. ದಕ್ಷಿಣದ ರಾಜ್ಯಗಳ ಸಾಲಿನಲ್ಲಿ ನಾವೇ ಹಿಂದೆ.

ಉಳಿದ ಆ ಶೇ. 3 ಯಾರು? ರಾಜ್ಯದ ಲೆಕ್ಕದಲ್ಲಿ ಅದೊಂದು ಸಣ್ಣ ಅಂಕಿ. ಆದರೆ ಅದು ಎಲ್ಲ ಕಡೆ ಸಮನಾಗಿ ಹಂಚಿಹೋಗಿಲ್ಲ. ರಸ್ತೆ ಮುಗಿಯುವಲ್ಲಿ, ಕಾಡು ಆರಂಭವಾಗುವಲ್ಲಿ, ಗುರುತಿನ ಚೀಟಿ ಇಲ್ಲದವರ ಗುಡಿಸಲಿನಲ್ಲಿ ಅದು ಹೆಪ್ಪುಗಟ್ಟಿದೆ. ಮತ್ತು ಈ ಶೇ. 3ರ ಪಾಲಿಗೆ ಅಪಾಯವು ಒಂದು ರೀತಿಯಲ್ಲಿ ಹಿಂದಿಗಿಂತ ಹೆಚ್ಚಿದೆಯೆಂದೇ ಹೇಳಬೇಕು. ಹಿಂದೆ ಪ್ರತಿ ಊರಿನಲ್ಲೂ ಒಬ್ಬ ಸೂಲಗಿತ್ತಿ ಇದ್ದಳು. ಮಲಬಾರಿನ ನಂಟುಳ್ಳ ಮಾಪಿಳ್ಳೆ ಕುಟುಂಬಗಳಲ್ಲಿ ಒಸ್ಸಾತಿ ಎಂದು ಕರೆಯಲ್ಪಡುತ್ತಿದ್ದವಳು ಅವಳೇ. ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಶಾಲೆಯ ಮೆಟ್ಟಿಲು ಹತ್ತದೆಯೇ ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆಗಳನ್ನು ಒಂದು ಕಾಸೂ ಪಡೆಯದೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅವರ ಜೊತೆ ಒಂದು ತಲೆಮಾರಿನ ಕೈಚಳಕವೇ ಮಣ್ಣಾಯಿತು. ಆ ಕಾಲವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಆ ಕಾಲದಲ್ಲಿ ಎಷ್ಟು ತಾಯಂದಿರು ಸತ್ತರೆಂದು ಹಳೆಯ ಕಬರಸ್ಥಾನಗಳಿಗೆ ಗೊತ್ತು. ಇಂದಿನ ಸ್ಥಿತಿಯೇನೆಂದರೆ, ದಿಢೀರನೆ ಮನೆಯಲ್ಲೇ ಹೆರಿಗೆಯಾದಾಗ ಪಕ್ಕದಲ್ಲಿರುವ ಹೆಂಗಸು ತನ್ನ ಮಕ್ಕಳನ್ನೂ ಆಸ್ಪತ್ರೆಯಲ್ಲೇ ಹೆತ್ತವಳು, ಬೇರೊಬ್ಬಳ ಹೆರಿಗೆಯನ್ನು ಕಣ್ಣಾರೆ ಕಾಣದವಳು. ಹಳೆಯ ಕೈಯೂ ಇಲ್ಲ, ಹೊಸ ಆಸ್ಪತ್ರೆಯೂ ತಲುಪಿಲ್ಲ.

ಈ ಮಾತು ಎಲ್ಲಿ ಅನ್ವಯವಾಗುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಕೊಡಗಿನ ಗಾಳಿಬೀಡು ಮಡಿಕೇರಿಯಿಂದ ಹತ್ತು ಕಿಲೋಮೀಟರ್‌ಗಳ ಒಳಗೇ ಇದೆ. ಜವಾಹರ್ ನವೋದಯ ವಿದ್ಯಾಲಯ ಇರುವ ಊರು. ಜಿಲ್ಲೆಯ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದು. ಅದರ ಹೆಸರೇ ಗಾಳಿಯ ಬೀಡು. ಬೇಸಗೆಯಲ್ಲಿ ಅಲ್ಲಿಂದ ಜಿಲ್ಲಾಸ್ಪತ್ರೆಗೆ ಬರುವುದು ಅರ್ಧ ಗಂಟೆಯ ಮಾತು. 2016ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿಗೆ ಸೇರಿದ ಬೋಧಕ ಆಸ್ಪತ್ರೆ ಅದು. ಇಷ್ಟು ಹತ್ತಿರವಿರುವಾಗ ಚಿಂತೆಯೇಕೆ ಎಂದು ಯಾರಾದರೂ ಕೇಳಬಹುದು. ಜುಲೈಯ ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳಿ. ರಸ್ತೆಗೆ ಮರ ಬಿದ್ದಿದೆ. ಕರೆಂಟು ಹೋಗಿ ಎರಡು ದಿನವಾಗಿದೆ. ಮೊಬೈಲಿಗೆ ಸಿಗ್ನಲ್ ಇಲ್ಲ. ಮುಖ್ಯ ರಸ್ತೆಯಿಂದ ಮನೆಗೆ ಇರುವುದು ಕೆಸರಿನ ಇಳಿಜಾರು. ಅಲ್ಲಿಗೆ ಇಳಿಯುವುದು ಪರಿಚಯದ ಜೀಪು ಮಾತ್ರ, ಆಂಬುಲೆನ್ಸ್ ಅಲ್ಲ. ಅಂತಹ ರಾತ್ರಿಯಲ್ಲಿ ಆ ಹತ್ತು ಕಿಲೋಮೀಟರ್ ನೂರಾಗುತ್ತದೆ. ಕಾಲೂರು, ಮೊಣ್ಣಂಗೇರಿಗಳ ಒಳಭಾಗದಲ್ಲಿರುವ ಮನೆಗಳಿಗಂತೂ ಹೇಳುವುದೇ ಬೇಡ.

2018ರ ಆಗಸ್ಟ್ ಮಧ್ಯಭಾಗದಲ್ಲಿ ಈ ಪ್ರದೇಶದ ಗುಡ್ಡಗಳೇ ಜಾರಿದವು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ ಎಂಬ ಹೆಸರುಗಳು ನಾಡಿನ ಬಾಯಿಗೆ ಬಂದದ್ದು ಆಗಲೇ. ಮಡಿಕೇರಿ-ಸಂಪಾಜೆ ಹೆದ್ದಾರಿ ಕಡಿದುಹೋಯಿತು. ಅದೇ ವಾರ, ಆಗಸ್ಟ್ 17ರಂದು, ಕೇರಳದ ಪ್ರವಾಹದಲ್ಲಿ ಸಿಲುಕಿದ್ದ ಗರ್ಭಿಣಿಯೊಬ್ಬರನ್ನು ನೌಕಾಪಡೆಯ ಹೆಲಿಕಾಪ್ಟರ್ ಹಗ್ಗದ ಮೂಲಕ ಮೇಲೆತ್ತಿ ಕೊಚ್ಚಿಯ ನೌಕಾ ಆಸ್ಪತ್ರೆಗೆ ಒಯ್ದಿತು. ಅಂದೇ ಅವರಿಗೆ ಗಂಡು ಮಗು ಹುಟ್ಟಿತು. ಆ ದೃಶ್ಯವನ್ನು ದೇಶವೆಲ್ಲ ನೋಡಿತು. ಆದರೆ ಕೊಡಗಿನಲ್ಲಿ ಆ ದಿನಗಳಲ್ಲಿ ಮಂಜು ಮತ್ತು ಮಳೆಯಿಂದ ಹೆಲಿಕಾಪ್ಟರ್ ಕಾರ್ಯಾಚರಣೆಗೇ ಅಡ್ಡಿಯಾಗಿತ್ತು. ಜನರು ಮಕ್ಕಳನ್ನೂ ವೃದ್ಧರನ್ನೂ ಹೊತ್ತು ನಡೆದೇ ಪಾರಾಗಬೇಕಾಯಿತು. ಮಲೆನಾಡಿನ ತಾಯಿಗೆ ಆಕಾಶದಿಂದ ನೆರವು ಬರುತ್ತದೆಂದು ನಂಬಿ ಕೂರಲಾಗದು.

ಪಟ್ಟಣಗಳಲ್ಲಿರುವ ನಮ್ಮ ಓದುಗರು ಇದು ಕಾಡಂಚಿನವರ ಸಮಸ್ಯೆಯೆಂದು ಭಾವಿಸಬಾರದು. ಏಳನೆಯ ತಿಂಗಳಲ್ಲಿ ಮಗಳನ್ನು ತವರಿಗೆ ಕರೆತರುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಮೈಸೂರಿನಲ್ಲಿ, ಮಂಗಳೂರಿನಲ್ಲಿ, ಕುಶಾಲನಗರದಲ್ಲಿ ಎರಡು ಬೀದಿಯಾಚೆಗೆ ಹೆರಿಗೆ ಆಸ್ಪತ್ರೆಯಿರುವ ಮನೆಯಿಂದ ಹೊರಟು, ತಾಯಿಯ ಮಡಿಲನ್ನು ಅರಸಿ, ಸರಿಯಾಗಿ ಮಳೆಗಾಲದಲ್ಲಿ ಮಲೆನಾಡಿನ ತವರನ್ನು ಸೇರುವ ಹೆಣ್ಣುಮಕ್ಕಳಿದ್ದಾರೆ. ತವರಿನ ಆರೈಕೆಗೆ ಬದಲಿಯಿಲ್ಲ, ನಿಜ. ಆದರೆ ಆರೈಕೆ ಬೇಕಾಗುವುದು ಹೆರಿಗೆಯ ನಂತರವೇ ಹೆಚ್ಚು. ಜುಲೈ-ಆಗಸ್ಟಿನಲ್ಲಿ ದಿನ ತುಂಬುವ ಮಗಳು ಪಟ್ಟಣದಲ್ಲೇ ಹೆತ್ತು, ಉಮ್ಮನೇ ಕೆಲವು ದಿನ ಅಲ್ಲಿಗೆ ಹೋಗಿ ನಿಂತರೆ ಯಾವ ಸಂಪ್ರದಾಯ ಕೆಡುತ್ತದೆ?

ಪಟ್ಟಣದ ಮನೆಗಳಿಗೂ ಒಂದು ಭ್ರಮೆಯಿದೆ: ಆಸ್ಪತ್ರೆ ಐದು ನಿಮಿಷದ ದಾರಿ, ಆಮೇಲೆ ಹೋದರಾಯಿತು. ಚೊಚ್ಚಲ ಹೆರಿಗೆಗೆ ಒಂದು ಇಡೀ ದಿನ ಹಿಡಿದಿತ್ತು, ಈ ಸಲವೂ ಹಾಗೆಯೇ ಎಂದು ಲೆಕ್ಕ ಹಾಕುವುದು ಸಾಮಾನ್ಯ. ಈ ಲೆಕ್ಕ ತಪ್ಪು. ಎರಡನೆಯ, ಮೂರನೆಯ ಹೆರಿಗೆಗಳು ಸಾಮಾನ್ಯವಾಗಿ ಚೊಚ್ಚಲಿಗಿಂತ ಬೇಗ ಆಗುತ್ತವೆ. ಕೆಲವರಿಗೆ ನೋವು ಶುರುವಾದ ಮೂರು ಗಂಟೆಯೊಳಗೇ ಮಗು ಹೊರಬರುತ್ತದೆ. ಹಿಂದೊಮ್ಮೆ ಹೀಗೆ ಬೇಗ ಆದವರಿಗೆ ಮತ್ತೆ ಹಾಗೆಯೇ ಆಗುವ ಸಂಭವವೂ ಹೆಚ್ಚು. ಇಂತಹವರು ನೋವು ಕಾಯುತ್ತ ಮನೆಯಲ್ಲಿ ಕೂರುವಂತಿಲ್ಲ.

ಹೊರಡುವ ನಿರ್ಧಾರ ಯಾರದು ಎಂಬ ಪ್ರಶ್ನೆಗೆ ಬರೋಣ. ತಾಯಂದಿರ ಸಾವುಗಳನ್ನು ಅಧ್ಯಯನ ಮಾಡಿದವರು ಮೂರು ತಡಗಳ ಬಗ್ಗೆ ಹೇಳುತ್ತಾರೆ. ಹೊರಡಲು ನಿರ್ಧರಿಸುವುದರಲ್ಲಿ ತಡ, ದಾರಿಯಲ್ಲಿ ತಡ, ಆಸ್ಪತ್ರೆ ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ಎರಡನೆಯದು ಮಳೆಯ ಕೈಯಲ್ಲಿದೆ, ಮೂರನೆಯದು ಸರಕಾರದ ಕೈಯಲ್ಲಿದೆ ಎಂದಾದರೆ, ಮೊದಲನೆಯದು ಪೂರ್ತಿಯಾಗಿ ಮನೆಯ ಒಳಗಿದೆ. ನಮ್ಮ ಅನೇಕ ಮನೆಗಳಲ್ಲಿ ನೋವನ್ನು ಅನುಭವಿಸುತ್ತಿರುವ ಹೆಣ್ಣಿಗೆ ಹೊರಡೋಣ ಎಂದು ಹೇಳುವ ಅಧಿಕಾರವಿಲ್ಲ. ಅವಳು ಅತ್ತೆಗೆ ಹೇಳಬೇಕು. ಅತ್ತೆ ಅದು ಸುಳ್ಳು ನೋವೋ ನಿಜ ನೋವೋ ಎಂದು ತೀರ್ಮಾನಿಸಬೇಕು. ಬಳಿಕ ಮಾವನಿಗೆ ಹೇಳಬೇಕು. ಗಂಡ ಕೊಲ್ಲಿಯಲ್ಲಿದ್ದರೆ ಅವನ ಫೋನಿಗೆ ಕಾಯಬೇಕು. ಮೈದುನ ಅಂಗಡಿ ಮುಚ್ಚಿ ವಾಹನ ತರಬೇಕು. ರಾತ್ರಿ ಹನ್ನೊಂದಕ್ಕೆ ಶುರುವಾದ ನೋವಿಗೆ ಬೆಳಗಿನ ಸುಬ್‌ಹಿ ನಮಾಝಿನ ನಂತರ ವಾಹನ ಬರುತ್ತದೆ. ಅಷ್ಟರಲ್ಲಿ ಏಳು ಗಂಟೆಗಳು ಕಳೆದಿರುತ್ತವೆ. ಆ ಏಳು ಗಂಟೆಗಳಿಗೆ ಯಾವ ಭೂಕುಸಿತವೂ ಕಾರಣವಲ್ಲ. ಸುಳ್ಳು ನೋವಿಗೆ ಆಸ್ಪತ್ರೆಗೆ ಹೋಗಿ ಹಿಂದಿರುಗಿದರೆ ಹೋಗುವುದು ಒಂದಷ್ಟು ವಾಹನ ಬಾಡಿಗೆ ಮಾತ್ರ.

ತಡವಾದರೆ ಏನಾಗುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹೆರಿಗೆಯಾದ ಮೇಲಿನ ಅತಿ ರಕ್ತಸ್ರಾವವು ತಾಯಂದಿರನ್ನು ಕೊಲ್ಲುವ ಕಾರಣಗಳಲ್ಲಿ ಪ್ರಮುಖವಾದುದು. ಗರ್ಭಕೋಶ ಸಂಕುಚಿತಗೊಳ್ಳದಿದ್ದರೆ ಆರೋಗ್ಯವಂತ ಹೆಣ್ಣೂ ಎರಡು ಗಂಟೆಯೊಳಗೆ ಪ್ರಾಣ ಬಿಡಬಹುದು. ಆಸ್ಪತ್ರೆಯಲ್ಲಿ ಮಗು ಹುಟ್ಟಿದ ಕೂಡಲೇ ಕೊಡುವ ಆಕ್ಸಿಟೋಸಿನ್ ಎಂಬ ಅಗ್ಗದ ಚುಚ್ಚುಮದ್ದು ಇದನ್ನು ಬಹಳ ಮಟ್ಟಿಗೆ ತಡೆಯುತ್ತದೆ. ಆದರೆ ಅದು ತಂಪು ಪೆಟ್ಟಿಗೆಯಲ್ಲಿ ಇರಬೇಕಾದ ಔಷಧ, ಮನೆಯಲ್ಲಿ ಇಟ್ಟುಕೊಳ್ಳುವಂತಹದ್ದಲ್ಲ. ಮೇಲಾಗಿ 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ದೇಹದಲ್ಲಿ ರಕ್ತವೇ ಕಡಿಮೆಯಿರುವವಳು ಸ್ವಲ್ಪ ರಕ್ತ ಹೋದರೂ ತಾಳಲಾರಳು. ಮಗುವಿಗಿರುವ ಅಪಾಯಗಳೂ ಅಷ್ಟೇ ದೊಡ್ಡವು. ಹುಟ್ಟಿದ ಮೊದಲ ನಿಮಿಷದಲ್ಲಿ ಉಸಿರಾಡಬೇಕು, ಮೈ ತಣ್ಣಗಾಗಬಾರದು. ಗಾಳಿಬೀಡಿನ ಜುಲೈ ಚಳಿಯಲ್ಲಿ ಒದ್ದೆ ಮೈಯ ಹಸುಳೆಯನ್ನು ಹತ್ತು ನಿಮಿಷ ಬದಿಗಿಟ್ಟರೆ ಸಾಕು, ಅದರ ಜೀವಕ್ಕೆ ಕುತ್ತು ಬರಬಹುದು.

ಹಾಗಾಗಿ, ಎಲ್ಲ ಎಚ್ಚರಿಕೆಯ ನಂತರವೂ ಮನೆಯಲ್ಲೋ ದಾರಿಯಲ್ಲೋ ಹೆರಿಗೆ ಆಗಿಯೇಬಿಡುವ ಸಂದರ್ಭ ಬಂದರೆ ಜೊತೆಗಿರುವವರು ಏನು ಮಾಡಬೇಕೆಂದು ಪ್ರತಿ ಮನೆಯ ಇಬ್ಬರಿಗಾದರೂ ತಿಳಿದಿರಲಿ. ಮೊದಲು 108ಕ್ಕೆ ಕರೆ ಮಾಡಿ, ಊರಿನ ಆಶಾ ಕಾರ್ಯಕರ್ತೆಗೂ ತಿಳಿಸಿ. ಮಗು ಬರುತ್ತಿದೆ ಎಂದು ತಾಯಿ ಹೇಳಿದರೆ ನಂಬಿ. ಕಾಲುಗಳನ್ನು ಒತ್ತಿಹಿಡಿದು ತಡೆಯಲು ಹೋಗಬೇಡಿ. ವಾಹನದಲ್ಲಿದ್ದರೆ ಬದಿಗೆ ನಿಲ್ಲಿಸಿ. ಹೊಟ್ಟೆಯನ್ನು ಒತ್ತುವುದಾಗಲೀ ಮಗುವನ್ನು ಎಳೆಯುವುದಾಗಲೀ ಬೇಡ. ಮಗು ಹೊರಬಂದ ಕೂಡಲೇ ಸ್ವಚ್ಛವಾದ ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ತಾಯಿಯ ಎದೆಯ ಮೇಲೆ ಮೈಗೆ ಮೈ ತಾಗುವಂತೆ ಮಲಗಿಸಿ, ಇಬ್ಬರಿಗೂ ಹೊದಿಸಿ, ಮಗುವಿನ ತಲೆಯನ್ನೂ ಮುಚ್ಚಿ. ಅಳದಿದ್ದರೆ ಬೆನ್ನನ್ನು ಉಜ್ಜಿ. ತಲೆಕೆಳಗಾಗಿ ಹಿಡಿದು ಹೊಡೆಯುವ ಹಳೆಯ ಪದ್ಧತಿ ಬೇಡವೇ ಬೇಡ. ಕಿವಿಯಲ್ಲಿ ಅಝಾನ್ ಹೇಳಲು ಅಜ್ಜಂದಿರು ಅವಸರಪಡುತ್ತಾರೆ. ಮೊದಲು ಮಗು ಒಣಗಿ ಬೆಚ್ಚಗಾಗಲಿ, ಅಝಾನ್‌ಗೆ ಸಮಯವಿದೆ. ಹೊಕ್ಕುಳಬಳ್ಳಿಯನ್ನು ಕತ್ತರಿಸಲೇಬೇಕೆಂದಿಲ್ಲ. ಅಡುಗೆಮನೆಯ ಚಾಕು, ಹಳೆಯ ಬ್ಲೇಡುಗಳನ್ನು ಮುಟ್ಟದೆ ಹಾಗೆಯೇ ಬಿಟ್ಟು ಆಸ್ಪತ್ರೆಗೆ ಒಯ್ಯಬಹುದು. ಬಳ್ಳಿಗೆ ಬೂದಿ, ಸಗಣಿ, ಎಣ್ಣೆ ಹಚ್ಚಬಾರದು. ಬಳ್ಳಿಯನ್ನು ಎಳೆದು ಮಾಸನ್ನು ಹೊರತೆಗೆಯಲು ಯತ್ನಿಸುವುದು ಅತ್ಯಂತ ಅಪಾಯಕಾರಿ. ಅದು ತಾನಾಗಿಯೇ ಬರಲಿ. ಬಂದರೆ ಅದನ್ನೂ ಕಟ್ಟಿ ಆಸ್ಪತ್ರೆಗೆ ಕೊಂಡೊಯ್ಯಿರಿ, ಅರ್ಧ ಗಂಟೆಯಾದರೂ ಬಾರದಿದ್ದರೆ ಅದೂ ತುರ್ತು ಸ್ಥಿತಿ. ಜೇನು, ಸಕ್ಕರೆ ನೀರು ಬೇಡ, ಕೂಡಲೇ ಎದೆಹಾಲು ಕುಡಿಸಲು ಬಿಡಿ. ಮಗು ಚೀಪುವಾಗ ಗರ್ಭಕೋಶ ಬಿಗಿಯಾಗುತ್ತದೆ, ರಕ್ತವೂ ಕಡಿಮೆಯಾಗುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮನೆಯಲ್ಲೇ ಬೇಗ ಹೆರಿಗೆಯಾಗಲಿ ಎಂದು ಯಾರನ್ನಾದರೂ ಕರೆಸಿ ನೋವಿನ ಇಂಜೆಕ್ಷನ್ ಹಾಕಿಸುವ ದುರಭ್ಯಾಸ ಕೆಲವೆಡೆ ಇದೆ. ಹೆರಿಗೆಯ ನಂತರ ಜೀವ ಉಳಿಸುವ ಅದೇ ಔಷಧ ಹೆರಿಗೆಗೆ ಮೊದಲು ಅರಿಯದವರ ಕೈಯಲ್ಲಿ ಗರ್ಭಕೋಶವನ್ನು ಸೀಳಿಬಿಡಬಹುದು. ಹಿಂದೆ ಸಿಸೇರಿಯನ್ ಆದವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮತ್ತು ಮನೆಯಲ್ಲಿ ಎಲ್ಲವೂ ಸುಸೂತ್ರವಾಗಿ ಮುಗಿದರೂ ಆಸ್ಪತ್ರೆಗೆ ಹೋಗಲೇಬೇಕು. ಒಳಗಿನ ಹರಿತ, ಉಳಿದ ಮಾಸಿನ ಚೂರು ಹೊರಗಿನವರ ಕಣ್ಣಿಗೆ ಕಾಣುವುದಿಲ್ಲ. ತಾಯಿಯ ರಕ್ತದ ಗುಂಪು ನೆಗೆಟಿವ್ ಇದ್ದು ಮಗುವಿನದು ಪಾಸಿಟಿವ್ ಆಗಿದ್ದರೆ ಎಪ್ಪತ್ತೆರಡು ಗಂಟೆಯೊಳಗೆ ಕೊಡಬೇಕಾದ ಚುಚ್ಚುಮದ್ದು ತಪ್ಪಿದರೆ ಮುಂದಿನ ಮಗು ಬಲಿಯಾಗಬಹುದು.

ಈಗ ಮೂರನೆಯ ತಡಕ್ಕೆ, ಅಂದರೆ ಆಸ್ಪತ್ರೆಯ ಗೇಟಿಗೆ ಬರೋಣ. 2022ರ ನವೆಂಬರ್ ಮೊದಲ ವಾರದಲ್ಲಿ ತುಮಕೂರಿನಲ್ಲಿ ನಡೆದುದನ್ನು ಈ ರಾಜ್ಯ ಮರೆಯಬಾರದು. ತಮಿಳುನಾಡು ಮೂಲದ ಬಡ ಗರ್ಭಿಣಿಯೊಬ್ಬರು ನೋವು ಕಾಣಿಸಿಕೊಂಡಾಗ ಜಿಲ್ಲಾಸ್ಪತ್ರೆಗೆ ಹೋದರು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂಬ ಕಾರಣಕ್ಕೆ ದಾಖಲಿಸಿಕೊಳ್ಳದೆ ಹಿಂದೆ ಕಳುಹಿಸಲಾಯಿತು ಎಂಬ ಆರೋಪ ಕೇಳಿಬಂತು. ಮರುದಿನ ಬೆಳಗ್ಗೆ ಮನೆಯಲ್ಲಿಯೇ ಹೆರಿಗೆಯಾಗಿ ಆ ತಾಯಿಯೂ ಅವಳಿ ಮಕ್ಕಳೂ ತೀರಿಕೊಂಡರು. ಒಬ್ಬ ವೈದ್ಯೆ ಮತ್ತು ದಾದಿಯರನ್ನು ಅಮಾನತುಗೊಳಿಸಲಾಯಿತು. ತುರ್ತು ಸಂದರ್ಭದಲ್ಲಿ ದಾಖಲೆ ಕೇಳಬಾರದೆಂದು ಸರಕಾರ ಸೂಚನೆ ಹೊರಡಿಸಿತು. ಆಕೆ ಕಾಡಿನಲ್ಲಿರಲಿಲ್ಲ. ಆಸ್ಪತ್ರೆಯಿರುವ ಜಿಲ್ಲಾ ಕೇಂದ್ರದಲ್ಲೇ ಇದ್ದರು. ಅವರ ಮತ್ತು ಹೆರಿಗೆ ಕೊಠಡಿಯ ನಡುವೆ ಅಡ್ಡ ಬಿದ್ದದ್ದು ಮರವಲ್ಲ, ಗುಡ್ಡವಲ್ಲ, ಒಂದು ಕಾರ್ಡು.

ಕೊಡಗಿನ ಸಂದರ್ಭದಲ್ಲಿ ಈ ಕಾರ್ಡಿನ ಪ್ರಶ್ನೆಗೆ ಬೇರೊಂದು ಮುಖವಿದೆ. ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಮ್ ಮತ್ತು ಪಶ್ಚಿಮ ಬಂಗಾಳದ ಕಾರ್ಮಿಕ ಕುಟುಂಬಗಳು ಬಹಳಷ್ಟಿವೆ. ಅವರಲ್ಲಿ ಮುಸ್ಲಿಮರೂ ಇದ್ದಾರೆ. ಬಾಂಗ್ಲಾದೇಶಿಗಳು ಎಂಬ ಹಣೆಪಟ್ಟಿಯನ್ನು ಯಾರು ಬೇಕಾದರೂ ಅವರ ಮೇಲೆ ಅಂಟಿಸಬಹುದಾದ ವಾತಾವರಣವನ್ನು ರಾಜಕಾರಣ ನಿರ್ಮಿಸಿದೆ. ಕಾಗದ ತೋರಿಸು ಎನ್ನುವ ಯಾವ ಕಟ್ಟಡವೂ ಅವರಿಗೆ ಠಾಣೆಯಂತೆಯೇ ಕಾಣುತ್ತದೆ, ಅದು ಆಸ್ಪತ್ರೆಯಾದರೂ ಸರಿ. ಭಯವು ಹೆರಿಗೆಯನ್ನು ಮನೆಯೊಳಗೆ ತಳ್ಳುತ್ತದೆ ಎಂಬುದಕ್ಕೆ ಅಸ್ಸಾಮಿನಲ್ಲೇ ಸಾಕ್ಷ್ಯವಿದೆ. 2023ರ ಫೆಬ್ರವರಿಯಲ್ಲಿ ಅಲ್ಲಿನ ಸರಕಾರ ಬಾಲ್ಯವಿವಾಹದ ಹೆಸರಿನಲ್ಲಿ ಸಾವಿರಾರು ಮಂದಿಯನ್ನು ಬಂಧಿಸಿದಾಗ, ಬೊಂಗಾಯಿಗಾಂವ್ ಜಿಲ್ಲೆಯಲ್ಲಿ ಬಂಧನದ ಅಂಜಿಕೆಯಿಂದ ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ಹೆತ್ತ ಹದಿಹರೆಯದ ಹುಡುಗಿಯೊಬ್ಬಳು ರಕ್ತಸ್ರಾವದಿಂದ ಸತ್ತಳೆಂದು ವರದಿಯಾಯಿತು. ಬಾಲ್ಯವಿವಾಹವನ್ನು ನಾವು ಎಳ್ಳಷ್ಟೂ ಸಮರ್ಥಿಸುವುದಿಲ್ಲ. ಪಕ್ವವಾಗದ ದೇಹಕ್ಕೆ ಹೆರಿಗೆಯ ಭಾರ ಹೊರಿಸುವುದೇ ಅನ್ಯಾಯ. ಆದರೆ ಈಗಾಗಲೇ ಬಸುರಿಯಾದ ಹುಡುಗಿಯನ್ನು ಹೆರಿಗೆ ಕೊಠಡಿಯಿಂದ ದೂರವಿಡುವ ಕಾನೂನು ಯಾರನ್ನು ರಕ್ಷಿಸಿತು?

ಹೆರಿಗೆ ಹೊರಗೆ ಆದಾಗ ತಲೆದೋರುವ ಮತ್ತೊಂದು ತೊಡಕನ್ನೂ ಇಲ್ಲೇ ಹೇಳಿಬಿಡುತ್ತೇವೆ. ಆಸ್ಪತ್ರೆಯಲ್ಲಾದ ಜನನವನ್ನು ಆಸ್ಪತ್ರೆಯೇ ನೋಂದಾಯಿಸುತ್ತದೆ. ಮನೆಯಲ್ಲಾದ ಜನನವನ್ನು 21 ದಿನಗಳೊಳಗೆ ತಿಳಿಸಬೇಕಾದ ಹೊಣೆ ಮನೆಯ ಯಜಮಾನನದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಯಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಆಧಾರ. ಪೌರತ್ವದ ಪ್ರಶ್ನೆಯನ್ನು ಸದಾ ಎದುರಿಸುವ ಸಮುದಾಯವು ಈ ಕಾಗದವನ್ನು ಅಲಕ್ಷಿಸುವಂತಿಲ್ಲ.

ಇನ್ನು ಬೇಕೆಂದೇ ಮನೆಯಲ್ಲಿ ಹೆರುವವರ ವಿಷಯ. 2025ರ ಏಪ್ರಿಲ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ತನ್ನ ಐದನೆಯ ಮಗುವನ್ನು ಮನೆಯಲ್ಲೇ ಹೆತ್ತ ತಾಯಿ ರಕ್ತಸ್ರಾವದಿಂದ ಮೃತಪಟ್ಟಳು. ಪತಿಯನ್ನು ಪೊಲೀಸರು ಬಂಧಿಸಿದರು. ನೈಸರ್ಗಿಕ ಹೆರಿಗೆ, ಆಧ್ಯಾತ್ಮಿಕ ಹೆರಿಗೆ ಎಂಬ ಹೆಸರುಗಳಲ್ಲಿ ಗಡಿಯಾಚೆ ಹಬ್ಬುತ್ತಿರುವ ಈ ಗೀಳು ಮೊಬೈಲಿನ ಮೂಲಕ ನಮ್ಮ ಮನೆಗಳಿಗೂ ನುಸುಳುತ್ತಿದೆ. ಇವರು ಮರ್ಯಮರು(ಅ) ಖರ್ಜೂರದ ಮರದ ಬುಡದಲ್ಲಿ ಒಂಟಿಯಾಗಿ ಹೆತ್ತುದನ್ನು ಉದಾಹರಿಸುತ್ತಾರೆ. ಪವಿತ್ರ ಕುರ್‌ಆನ್ ಆ ಪ್ರಸಂಗವನ್ನು ಒಬ್ಬ ಹೆಣ್ಣಿನ ಅಸಹಾಯಕತೆಯ ಚಿತ್ರವಾಗಿ ಹೇಳಿದೆ. ನೋವು ತಾಳಲಾರದೆ ಇದಕ್ಕಿಂತ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಎಂದು ಅವರು ಹಂಬಲಿಸಿದ ಗಳಿಗೆ ಅದು. ಆಗ ಅಲ್ಲಾಹನೇ ನೀರನ್ನೂ ಆಹಾರವನ್ನೂ ಸಾಂತ್ವನವನ್ನೂ ಒದಗಿಸಿದನು. ಹೆರುವ ಹೆಣ್ಣಿಗೆ ನೆರವು ಬೇಕು ಎಂಬುದು ಅದರಿಂದ ಸಿಗುವ ಪಾಠವೇ ಹೊರತು ನೆರವನ್ನು ನಿರಾಕರಿಸಬೇಕೆಂಬುದಲ್ಲ.

ಹೆರಿಗೆಗೆ ಮಹಿಳಾ ವೈದ್ಯರೇ ಬೇಕೆಂದು ಪಟ್ಟುಹಿಡಿದು ತಡಮಾಡುವವರಿಗೂ ಒಂದು ಮಾತು. ಮಹಿಳಾ ವೈದ್ಯರು ಇದ್ದರೆ ಅತ್ಯುತ್ತಮ. ಜೀವಕ್ಕೆ ಅಪಾಯವಿರುವಾಗ ಯಾರಿದ್ದಾರೋ ಅವರ ನೆರವು ಪಡೆಯುವುದಕ್ಕೆ ಧರ್ಮದ ಅಡ್ಡಿಯಿಲ್ಲವೆಂದು ಉಲಮಾಗಳು ಸ್ಪಷ್ಟವಾಗಿ ಹೇಳಿದ್ದಾರೆ. ಅಷ್ಟಕ್ಕೂ ಈ ಪಟ್ಟು ಹಿಡಿಯುವ ಮನೆಗಳಲ್ಲಿ ಎಷ್ಟು ಮನೆಗಳು ತಮ್ಮ ಮಗಳನ್ನು ವೈದ್ಯಕೀಯಕ್ಕೆ ಬೇಡ, ಕನಿಷ್ಠ ನರ್ಸಿಂಗಿಗೆ ಕಳುಹಿಸಿವೆ?

ಆಸ್ಪತ್ರೆಗಳ ಮೇಲೆ ಜನರಿಗಿರುವ ಅಪನಂಬಿಕೆ ಪೂರ್ತಿ ಆಧಾರರಹಿತವೆಂದು ನಾವು ಹೇಳುವುದಿಲ್ಲ. 2024ರ ಕೊನೆಯಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯಾದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡಾಗ, ಅವರಿಗೆ ಏರಿಸಿದ್ದ ದ್ರಾವಣದ ಗುಣಮಟ್ಟದ ಮೇಲೆಯೇ ಸಂಶಯ ಬಂತು. ರಾಜ್ಯದ ಔಷಧ ನಿಯಂತ್ರಕರನ್ನೇ ಅಮಾನತು ಮಾಡಬೇಕಾಯಿತು. ಆಸ್ಪತ್ರೆಗೆ ಬನ್ನಿ ಎಂದು ಕರೆಯುವ ಸರಕಾರವು ಬಂದವರನ್ನು ಉಳಿಸಿ ಕಳುಹಿಸುವ ಹೊಣೆಯನ್ನೂ ಹೊರಬೇಕು. ಆದರೂ ಮನೆಯು ಆಸ್ಪತ್ರೆಗೆ ಬದಲಿಯಾಗದು. ಮನೆಯಲ್ಲಿ ರಕ್ತನಿಧಿಯಿಲ್ಲ.

ಖಲೀಫ ಉಮರ್(ರ)ರ ಒಂದು ರಾತ್ರಿಯ ಘಟನೆಯನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಎಂದಿನಂತೆ ಗಸ್ತು ತಿರುಗುತ್ತಿದ್ದ ಅವರಿಗೆ ಮದೀನಾದ ಹೊರವಲಯದಲ್ಲಿ ಒಂದು ಡೇರೆ ಕಂಡಿತು. ಹೊರಗೆ ಒಬ್ಬ ಪರವೂರ ಮನುಷ್ಯ ಕುಳಿತಿದ್ದ, ಒಳಗಿನಿಂದ ಹೆಣ್ಣಿನ ನರಳಾಟ ಕೇಳಿಸುತ್ತಿತ್ತು. ವಿಚಾರಿಸಿದಾಗ ಹೆಂಡತಿಗೆ ಹೆರಿಗೆ ನೋವು, ಜೊತೆಗೆ ಯಾರೂ ಇಲ್ಲ ಎಂದ. ಉಮರ್(ರ) ಮನೆಗೆ ಧಾವಿಸಿ ಪತ್ನಿ ಉಮ್ಮು ಕುಲ್ಸೂಮ್(ರ)ರನ್ನು ಕರೆತಂದರು. ಹಿಟ್ಟನ್ನೂ ತುಪ್ಪವನ್ನೂ ತಾವೇ ಹೊತ್ತು ತಂದರು. ಒಳಗೆ ಆಕೆ ಹೆರಿಗೆ ಮಾಡಿಸಿದರೆ ಹೊರಗೆ ಇವರು ಒಲೆ ಊದಿ ಅಡುಗೆ ಮಾಡಿದರು. ಒಳಗಿನಿಂದ ಅಮೀರುಲ್ ಮೂಮಿನೀನ್ ಎಂಬ ಕರೆ ಬಂದಾಗಲಷ್ಟೇ ತನ್ನ ಮುಂದೆ ಹೊಗೆಯಲ್ಲಿ ಕೂತಿರುವವರು ಯಾರೆಂದು ಆ ಪ್ರಯಾಣಿಕನಿಗೆ ತಿಳಿಯಿತು. ಆತನ ಊರು ಯಾವುದು, ಕಾಗದ ಎಲ್ಲಿದೆ ಎಂದು ಖಲೀಫರು ಕೇಳಲಿಲ್ಲ.

ಇಂದಿನ ಆಡಳಿತದಿಂದ ನಾವು ಕೇಳುವುದು ಇದಕ್ಕಿಂತ ಬಹಳ ಸಣ್ಣದು. ಮಹಾರಾಷ್ಟ್ರದ ಬುಡಕಟ್ಟು ಪ್ರದೇಶಗಳಲ್ಲಿ ಮಾಹೇರ್ ಘರ್, ಅಂದರೆ ತವರುಮನೆ, ಎಂಬ ಹೆಸರಿನಲ್ಲಿ ಆರೋಗ್ಯ ಕೇಂದ್ರದ ಬಳಿಯೇ ಗರ್ಭಿಣಿಯರು ದಿನ ತುಂಬುವ ಮೊದಲೇ ಬಂದು ತಂಗುವ ವ್ಯವಸ್ಥೆಯಿದೆ. ಒಡಿಶಾದಲ್ಲಿ ಮಾ ಗೃಹ ಎಂಬ ಹೆಸರಿನಲ್ಲಿ ಇಂಥದ್ದೇ ಇದೆ. ಮಹಾರಾಷ್ಟ್ರದ ಗಡ್ಚಿರೋಲಿಯಲ್ಲಿ ಮಳೆಗಾಲದ ನೆರೆ ದಾರಿಗಳನ್ನು ಕಡಿಯುವ ಮುನ್ನವೇ ದಿನ ಹತ್ತಿರವಾದ ಗರ್ಭಿಣಿಯರನ್ನು ಆಸ್ಪತ್ರೆಯ ಸಮೀಪಕ್ಕೆ ಸಾಗಿಸುತ್ತಾರೆ. ಮಡಿಕೇರಿಯಲ್ಲಿ ಇದಕ್ಕೆ ದೊಡ್ಡ ಕಟ್ಟಡವೇನೂ ಬೇಕಿಲ್ಲ. ಆಸ್ಪತ್ರೆಗೆ ನಡೆದು ಹೋಗುವಷ್ಟು ದೂರದಲ್ಲಿ ನಾಲ್ಕೈದು ಕೋಣೆ, ಒಂದು ಅಡುಗೆಮನೆ, ಬಿಸಿನೀರು, ರಾತ್ರಿ ಕಾವಲಿಗೆ ಒಬ್ಬ ಹೆಂಗಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನಾಲ್ಕು ತಿಂಗಳು. ಗಾಳಿಬೀಡಿನಿಂದಲೂ ಮಕ್ಕಂದೂರಿನ ಕಡೆಯಿಂದಲೂ ಬರುವ ಕೊಡವ, ಅರೆಭಾಷೆ ಗೌಡ, ಯರವ, ಮಾಪಿಳ್ಳೆ, ಅಸ್ಸಾಮಿ ಎಂಬ ಭೇದವಿಲ್ಲದೆ ಯಾವ ತಾಯಿಯೂ ಜೊತೆಗೊಬ್ಬ ಹೆಂಗಸಿನೊಂದಿಗೆ ಕೊನೆಯ ಎರಡು ವಾರ ಅಲ್ಲಿ ತಂಗುವಂತಾಗಲಿ.

ಸರಕಾರ ಎದ್ದೇಳುವವರೆಗೆ ಕಾಯಬೇಕೆಂದೂ ಇಲ್ಲ. ಮಡಿಕೇರಿ ಮತ್ತು ಸುತ್ತಲಿನ ಪಟ್ಟಣಗಳ ಜಮಾಅತ್‌ಗಳಿಗೆ ಬಾಡಿಗೆಗೆ ಕೊಡುವ ಕೋಣೆಗಳಿವೆ, ಮದುವೆ ಹಾಲ್‌ಗಳಿವೆ. ಮಿನಾರಕ್ಕೆ ಹೊಸ ಬಣ್ಣ ಬಳಿಯುವುದನ್ನು ಒಂದು ವರ್ಷ ಮುಂದೂಡಿದರೆ ಎರಡು ಕೋಣೆಗಳನ್ನು ನಾಲ್ಕು ತಿಂಗಳ ಮಟ್ಟಿಗೆ ಬಿಟ್ಟುಕೊಡಲು ಕಷ್ಟವಾಗದು. ಪ್ರತಿ ಮೊಹಲ್ಲಾದಲ್ಲಿ ರಾತ್ರಿ ಕರೆದರೆ ಹೊರಡುವ ಇಬ್ಬರು ಜೀಪು ಮಾಲೀಕರ ಹೆಸರು, ರಕ್ತ ಕೊಡಬಲ್ಲ ಯುವಕರ ಗುಂಪಿನ ವಿವರ ಮಸೀದಿಯ ಫಲಕದಲ್ಲಿರಲಿ. ಆಶಾ ಕಾರ್ಯಕರ್ತೆಯ ಬಳಿ ಊರಿನ ಪ್ರತಿ ಗರ್ಭಿಣಿಯ ಹೆಸರು, ದಿನ ತುಂಬುವ ತಾರೀಕು ಈಗಾಗಲೇ ಇದೆ. ಮಳೆಗಾಲದಲ್ಲಿ ದಿನ ತುಂಬುವವರು ಎಷ್ಟು ಮಂದಿ, ಯಾರ ಮನೆಗೆ ವಾಹನ ಇಳಿಯುವುದಿಲ್ಲ ಎಂಬುದನ್ನು ಆಕೆಯಿಂದ ಕೇಳಿ ತಿಳಿಯುವುದು ಅರ್ಧ ದಿನದ ಕೆಲಸ. ಕೊಡಗಿಗೆ ಮುಂಗಾರು ಕಾಲಿಡುವುದು ಜೂನ್ ಮೊದಲ ವಾರದ ಹೊತ್ತಿಗೆ. ಆ ಪಟ್ಟಿ ಮೇ ತಿಂಗಳ ಮಧ್ಯದೊಳಗೆ ಜಮಾಅತ್‌ನ ಕೈಯಲ್ಲಿರಬೇಕು.